ಹೃದಯಾಘಾತದಲ್ಲಿ ಮಾರ್ಫಿನ್: ನೋವೇನೋ ಇಳಿಯಿತು, ಮಾತ್ರೆ ರಕ್ತಕ್ಕೆ ಸೇರಿತೇ?

ಎದೆ ಹಿಂಡುವ ನೋವಿನಲ್ಲಿ ಬೆವತು ಒದ್ದಾಡುತ್ತಿರುವ ರೋಗಿಗೆ ಕೆಲವು ಮಿಲಿಗ್ರಾಂ ಮಾರ್ಫಿನ್ ಕೊಡುವುದು ನೂರಕ್ಕೂ ಹೆಚ್ಚು ವರ್ಷಗಳ ರೂಢಿ. ವೈದ್ಯ ವಿದ್ಯಾರ್ಥಿಗಳ ಹಲವು ತಲೆಮಾರುಗಳು ಹೃದಯಾಘಾತದ ಮೊದಲ ಚಿಕಿತ್ಸೆಯನ್ನು 'ಮೋನಾ' ಎಂಬ ನೆನಪಿನ ಸೂತ್ರದಿಂದಲೇ ಕಲಿತಿವೆ: ಮಾರ್ಫಿನ್, ಆಕ್ಸಿಜನ್, ನೈಟ್ರೇಟ್ (ರಕ್ತನಾಳ ಹಿಗ್ಗಿಸುವ ಮದ್ದು), ಆಸ್ಪಿರಿನ್. ಈ ನಾಲ್ಕರಲ್ಲಿ ಜೀವ ಉಳಿಸುತ್ತದೆಂದು ಗಟ್ಟಿ ಪುರಾವೆ ಇರುವುದು ಕೊನೆಯದಕ್ಕೆ ಮಾತ್ರ. 1988ರಲ್ಲಿ ಪ್ರಕಟವಾದ ಐಸಿಸ್-2 ಪ್ರಯೋಗದಲ್ಲಿ 17,187 ರೋಗಿಗಳಿದ್ದರು. ದಿನಕ್ಕೆ ಸುಮಾರು 160 ಮಿ.ಗ್ರಾಂ. ಆಸ್ಪಿರಿನ್ ಹೃದಯ ಮತ್ತು ರಕ್ತನಾಳ ಸಂಬಂಧಿ ಸಾವನ್ನು ಶೇ. 23ರಷ್ಟು ತಗ್ಗಿಸಿತು. ಆಕ್ಸಿಜನ್‌ನ ಸರದಿ 2017ರಲ್ಲಿ ಬಂತು. ರಕ್ತದಲ್ಲಿ ಆಮ್ಲಜನಕದ ಮಟ್ಟ ಶೇ. 90 ಅಥವಾ ಹೆಚ್ಚು ಇದ್ದ 6,629 ಮಂದಿಯನ್ನು ಪರೀಕ್ಷಿಸಿದ ಸ್ವೀಡನ್ನಿನ ಡೆಟೊಟುಎಕ್ಸ್ ಪ್ರಯೋಗ, ಅಂಥವರಿಗೆ ಮಾಸ್ಕ್ ಹಾಕುವುದರಿಂದ ಲಾಭವಿಲ್ಲವೆಂದು ತೋರಿಸಿತು. ಈಗ ಸೂತ್ರದ ಮೊದಲ ಅಕ್ಷರವೇ ಪ್ರಶ್ನೆಗೆ ಒಳಗಾಗಿದೆ.

ಪ್ರಶ್ನೆಯನ್ನು ಸರಿಯಾಗಿ ಇಡುವುದು ಮುಖ್ಯ. ಮಾರ್ಫಿನ್ ನೋವು ತಗ್ಗಿಸುತ್ತದೆಯೇ ಎಂದು ಯಾರೂ ಕೇಳುತ್ತಿಲ್ಲ, ತಗ್ಗಿಸುತ್ತದೆ. ಮುಚ್ಚಿದ ರಕ್ತನಾಳವನ್ನು ತೆರೆದು, ತೆರೆದೇ ಇಟ್ಟುಕೊಳ್ಳುವ ಚಿಕಿತ್ಸೆಗೆ ಅದು ಅಡ್ಡ ಬರುತ್ತದೆಯೇ ಎಂಬುದು ಪ್ರಶ್ನೆ.

ಅನುಮಾನ ಹುಟ್ಟಿದ್ದು

2005ರಲ್ಲಿ, ರೋಗಿಗಳ ವಿವರ ಸಂಗ್ರಹಿಸುವ ಅಮೆರಿಕದ 'ಕ್ರುಸೇಡ್' ನೋಂದಣಿಯ ವಿಶ್ಲೇಷಣೆ ಹೊರಬಂತು. ಇಸಿಜಿ ಗೆರೆಯ ಎಸ್‌ಟಿ ಎಂಬ ಭಾಗ ಮೇಲೇರದ ಬಗೆಯ ಹೃದಯಾಘಾತ ಅಥವಾ ಅದರ ಅಂಚಿನ ಸ್ಥಿತಿಯಲ್ಲಿ ದಾಖಲಾದ 57,039 ರೋಗಿಗಳ ವಿವರ ಅದರಲ್ಲಿತ್ತು. ಮೊದಲ 24 ಗಂಟೆಯೊಳಗೆ ಮಾರ್ಫಿನ್ ಪಡೆದವರು ಹೆಚ್ಚುಕಡಿಮೆ ಶೇ. 30. ವಯಸ್ಸು, ಇತರ ಕಾಯಿಲೆಗಳನ್ನೆಲ್ಲ ಲೆಕ್ಕಕ್ಕೆ ಹಿಡಿದು ಸರಿಹೊಂದಿಸಿದ ಮೇಲೂ ಆಸ್ಪತ್ರೆಯಲ್ಲಿ ಸಾವಿನ ಸಂಭವದ ಅನುಪಾತ, ಮಾರ್ಫಿನ್ ಪಡೆಯದವರಿಗೆ ಹೋಲಿಸಿದರೆ, ಈ ಗುಂಪಿನಲ್ಲಿ 1.48 ಇತ್ತು (1 ಎಂದರೆ ವ್ಯತ್ಯಾಸವಿಲ್ಲ).

ಸಂಖ್ಯೆ ಬೆಚ್ಚಿಬೀಳಿಸುವಂಥದ್ದೇ. ಆದರೆ ಅದನ್ನು ಓದುವಾಗ ಒಂದು ಎಚ್ಚರ ಬೇಕು. ಮಾರ್ಫಿನ್ ಯಾರಿಗೆ ಕೊಡುತ್ತಾರೆ? ನೋವು ಜಾಸ್ತಿ ಇದ್ದವರಿಗೆ, ನೈಟ್ರೇಟಿಗೆ ಬಗ್ಗದವರಿಗೆ, ಉಸಿರು ಕಟ್ಟುತ್ತಿರುವವರಿಗೆ. ಇವರ ಹೃದಯಾಘಾತವೇ ದೊಡ್ಡದು. ಎಷ್ಟೇ ಚತುರ ಲೆಕ್ಕಾಚಾರ ಮಾಡಿದರೂ ಕಾಯಿಲೆಯ ತೀವ್ರತೆಯನ್ನು ಔಷಧದ ಪರಿಣಾಮದಿಂದ ಪೂರ್ತಿ ಬಿಡಿಸಲು ನೋಂದಣಿಯ ದತ್ತಾಂಶಕ್ಕೆ ಸಾಧ್ಯವಿಲ್ಲ. ಫ್ರಾನ್ಸಿನ 'ಫಾಸ್ಟ್-ಎಂಐ 2010' ನೋಂದಣಿಯಲ್ಲಿ ಚಿತ್ರ ಬೇರೆಯೇ ಇತ್ತು. ಅಲ್ಲಿ ಎಸ್‌ಟಿ ಮೇಲೇರಿದ ಹೃದಯಾಘಾತದವರಿಗೆ, ಅಂದರೆ ಸ್ಟೆಮಿ ರೋಗಿಗಳಿಗೆ, ಆಂಬುಲೆನ್ಸಿನಲ್ಲೇ ಕೊಟ್ಟ ಮಾರ್ಫಿನ್‌ಗೂ ಒಂದು ವರ್ಷದ ಬದುಕುಳಿಯುವಿಕೆಗೂ ಕೆಟ್ಟ ನಂಟು ಕಾಣಲಿಲ್ಲ.

ಕ್ರುಸೇಡ್ ಅಂಕಿಯೊಂದನ್ನೇ ಹಿಡಿದು ಮಾರ್ಫಿನ್ ಕೊಲ್ಲುತ್ತದೆ ಎನ್ನುವುದು ತಪ್ಪು. ಫ್ರೆಂಚ್ ಅಂಕಿಯೊಂದನ್ನೇ ಹಿಡಿದು ನಿಶ್ಚಿಂತರಾಗುವುದೂ ತಪ್ಪು. ಚರ್ಚೆಗೆ ನಿಜವಾದ ಬಲ ಬಂದದ್ದು ಆ ಬಳಿಕ, ಮಾರ್ಫಿನ್ ದೇಹದಲ್ಲಿ ಏನು ಮಾಡುತ್ತದೆಂದು ಗಂಟೆ ಗಂಟೆಗೂ ರಕ್ತ ತೆಗೆದು ಅಳೆದಾಗ.

ತೊಡಕು ಹೃದಯದಲ್ಲಲ್ಲ, ಹೊಟ್ಟೆಯಲ್ಲಿ

ಇಂದಿನ ಹೃದಯಾಘಾತ ಚಿಕಿತ್ಸೆ ಎರಡು ಕಾಲಿನ ಮೇಲೆ ನಿಂತಿದೆ. ಒಂದು, ಆಂಜಿಯೋಪ್ಲಾಸ್ಟಿ ಮಾಡಿ ಸ್ಟೆಂಟ್ ಹಾಕಿ ಅಥವಾ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟು ನಾಳವನ್ನು ತೆರೆಯುವುದು. ಇನ್ನೊಂದು, ಪ್ಲೇಟ್‌ಲೆಟ್‌ಗಳು ಮತ್ತೆ ಗುಂಪುಗೂಡಿ ಹೆಪ್ಪು ಕಟ್ಟದಂತೆ ತಡೆಯುವುದು. ಎರಡನೆಯದಕ್ಕೆ ಆಸ್ಪಿರಿನ್ ಜೊತೆ ಪ್ಲೇಟ್‌ಲೆಟ್ ಮೇಲಿನ ಪಿ2ವೈ12 ಎಂಬ ಗ್ರಾಹಿಯನ್ನು (ಮದ್ದು ಅಂಟಿಕೊಳ್ಳುವ ಜಾಗ) ತಡೆಯುವ ಮಾತ್ರೆಯೊಂದನ್ನು ದೊಡ್ಡ ಪ್ರಮಾಣದಲ್ಲಿ ಒಮ್ಮೆಗೇ ಕೊಡುತ್ತಾರೆ: ಟಿಕಾಗ್ರೆಲಾರ್ 180 ಮಿ.ಗ್ರಾಂ., ಪ್ರಾಸುಗ್ರೆಲ್ 60 ಮಿ.ಗ್ರಾಂ., ಅಥವಾ ಕ್ಲೊಪಿಡೊಗ್ರೆಲ್ 300ರಿಂದ 600 ಮಿ.ಗ್ರಾಂ. ಮೂರೂ ಬಾಯಿಂದ ನುಂಗುವ ಮಾತ್ರೆಗಳು, ಮೂರೂ ಹೀರಲ್ಪಡುವುದು ಸಣ್ಣ ಕರುಳಿನಲ್ಲಿ. ಕ್ಲೊಪಿಡೊಗ್ರೆಲ್ ಮತ್ತು ಪ್ರಾಸುಗ್ರೆಲ್ ಅಷ್ಟಕ್ಕೇ ಕೆಲಸ ಶುರುಮಾಡುವುದಿಲ್ಲ. ದೇಹದೊಳಗೆ ರಾಸಾಯನಿಕವಾಗಿ ಬದಲಾದ ಮೇಲಷ್ಟೇ ಅವು ಸಕ್ರಿಯ.

ಮಾರ್ಫಿನ್ ಜಾತಿಯ ನೋವು ನಿವಾರಕಗಳಾದ ಓಪಿಯಾಯ್ಡ್‌ಗಳು ಅಂಟಿಕೊಳ್ಳುವ ಮ್ಯೂ ಗ್ರಾಹಿಗಳು ಮೆದುಳಿನಲ್ಲಷ್ಟೇ ಇಲ್ಲ, ಜಠರ ಮತ್ತು ಕರುಳಿನ ಗೋಡೆಯ ನರಜಾಲದಲ್ಲೂ ದಟ್ಟವಾಗಿವೆ. ಮಾರ್ಫಿನ್ ಅಲ್ಲಿ ಕೂತೊಡನೆ ಜಠರದ ಮುಂದೂಡುವ ಚಲನೆ ಮಂದವಾಗುತ್ತದೆ, ಜಠರ ಮತ್ತು ಸಣ್ಣ ಕರುಳಿನ ನಡುವಿನ ಬಾಗಿಲಾದ ಪೈಲೋರಸ್ ಬಿಗಿಯುತ್ತದೆ. ನುಂಗಿದ ಮಾತ್ರೆ ಜಠರದಲ್ಲೇ ಉಳಿಯುತ್ತದೆ. ಮೇಲಿಂದ ಮಾರ್ಫಿನ್ ವಾಂತಿಯನ್ನೂ ತರಿಸುತ್ತದೆ. ಆಗ ಮಾತ್ರೆಯೇ ಹೊರಗೆ ಬರಬಹುದು. ನೋವು ಶಮನವಾದ ರೋಗಿ ನೆಮ್ಮದಿಯಿಂದ ಮಲಗಿರುತ್ತಾನೆ. ಹೊಸ ಸ್ಟೆಂಟನ್ನು ಕಾಯಬೇಕಾದ ಔಷಧ ಮಾತ್ರ ಇನ್ನೂ ರಕ್ತಕ್ಕೆ ಇಳಿದಿರುವುದಿಲ್ಲ.

ಇದು ಊಹೆಯಲ್ಲ, ಅಳೆದದ್ದು. 2014ರಲ್ಲಿ ವಿಯೆನ್ನಾದ ಸಂಶೋಧಕರು 24 ಆರೋಗ್ಯವಂತರಿಗೆ 600 ಮಿ.ಗ್ರಾಂ. ಕ್ಲೊಪಿಡೊಗ್ರೆಲ್ ಜೊತೆ ಒಮ್ಮೆ 5 ಮಿ.ಗ್ರಾಂ. ಮಾರ್ಫಿನ್, ಇನ್ನೊಮ್ಮೆ ಹುಸಿಮದ್ದು ಕೊಟ್ಟರು. ಮಾರ್ಫಿನ್ ಕೊಟ್ಟಾಗ ಕ್ಲೊಪಿಡೊಗ್ರೆಲ್‌ನ ಸಕ್ರಿಯ ರೂಪ ರಕ್ತಕ್ಕೆ ಒಟ್ಟು ಮೂರನೇ ಒಂದು ಭಾಗದಷ್ಟು ಕಡಿಮೆ ಸಿಕ್ಕಿತು, ಪ್ಲೇಟ್‌ಲೆಟ್ ತಡೆ ಗರಿಷ್ಠಕ್ಕೇರುವುದು ಸರಾಸರಿ ಎರಡು ಗಂಟೆ ತಡವಾಯಿತು. 2016ರಲ್ಲಿ ಪೋಲೆಂಡಿನ 'ಇಂಪ್ರೆಷನ್' ಪ್ರಯೋಗ ಇದನ್ನೇ ಹೃದಯಾಘಾತದ 70 ರೋಗಿಗಳಲ್ಲಿ, ಟಿಕಾಗ್ರೆಲಾರ್ ಕೊಟ್ಟು ಪರೀಕ್ಷಿಸಿತು. ಅದೇ 5 ಮಿ.ಗ್ರಾಂ. ಮಾರ್ಫಿನ್. ಔಷಧದ ಒಟ್ಟು ಲಭ್ಯತೆ ಶೇ. 36ರಷ್ಟು ಇಳಿಯಿತು, ರಕ್ತದಲ್ಲಿ ಅದು ಗರಿಷ್ಠ ಮಟ್ಟ ಮುಟ್ಟಲು ಎರಡು ಗಂಟೆ ಸಾಕಾಗಿದ್ದಲ್ಲಿ ನಾಲ್ಕು ಗಂಟೆ ಬೇಕಾಯಿತು.

ಐದು ಮಿಲಿಗ್ರಾಂ ಅಂದರೆ ಹೆಚ್ಚೇನೂ ಅಲ್ಲ, ದಿನನಿತ್ಯ ಕೊಡುವ ಸಾಧಾರಣ ಪ್ರಮಾಣ. ಸ್ಟೆಂಟ್ ಹಾಕಿದ ಮೊದಲ ಕೆಲವು ಗಂಟೆಗಳೇ ಅದರಲ್ಲಿ ಹೆಪ್ಪು ಕಟ್ಟುವ ಅಪಾಯ ಹೆಚ್ಚಿರುವ ಹೊತ್ತು ಎಂಬುದನ್ನು ಇದರ ಪಕ್ಕ ಇಟ್ಟು ನೋಡಿದರೆ, ಎರಡು ಗಂಟೆಯ ವಿಳಂಬವನ್ನು ಹಗುರವಾಗಿ ತಳ್ಳಿಹಾಕಲಾಗದು.

ಎಲ್ಲ ತಪ್ಪನ್ನೂ ಮಾರ್ಫಿನ್ ತಲೆಗೇ ಕಟ್ಟುವುದೂ ನ್ಯಾಯವಲ್ಲ. ಹೃದಯಾಘಾತವಾದಾಗ ದೇಹ ಕರುಳಿಗೆ ಹೋಗುವ ರಕ್ತವನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ, ಹೊಟ್ಟೆ ತೊಳಸುತ್ತದೆ. 2013ರ 'ರ‍್ಯಾಪಿಡ್' ಅಧ್ಯಯನದಲ್ಲಿ ಸ್ಟೆಮಿಯ 50 ರೋಗಿಗಳಿಗೆ ಪ್ರಾಸುಗ್ರೆಲ್ ಇಲ್ಲವೇ ಟಿಕಾಗ್ರೆಲಾರ್ ಕೊಟ್ಟಾಗ, ಎರಡು ಗಂಟೆಯ ಬಳಿಕವೂ ಹೆಚ್ಚುಕಡಿಮೆ ಅರ್ಧ ಮಂದಿಯಲ್ಲಿ ಪ್ಲೇಟ್‌ಲೆಟ್‌ಗಳು ಸಾಕಷ್ಟು ತಣ್ಣಗಾಗಿರಲಿಲ್ಲ. ಮಾರ್ಫಿನ್ ಪಡೆದವರಲ್ಲಿ ಈ ವಿಳಂಬ ಇನ್ನೂ ಹೆಚ್ಚು. ಅಂದರೆ ಈಗಾಗಲೇ ನಿಧಾನವಾಗಿರುವ ಹೊಟ್ಟೆಯನ್ನು ಮಾರ್ಫಿನ್ ಮತ್ತಷ್ಟು ನಿಧಾನ ಮಾಡುತ್ತದೆ.

ಹಾಗಾದರೆ ಇನ್ನೊಂದು ಓಪಿಯಾಯ್ಡ್ ಆದ ಫೆಂಟನಿಲ್ ಕೊಟ್ಟರಾಯಿತಲ್ಲ ಎಂದು ಹಲವು ಕಡೆ ಮಾರ್ಫಿನ್ ಬಿಟ್ಟು ಅದಕ್ಕೆ ಹೊರಳಿದರು. ಫೆಂಟನಿಲ್‌ಗೆ ಒಳ್ಳೆಯ ಗುಣಗಳಿವೆ. ಕೆಲವೇ ನಿಮಿಷದಲ್ಲಿ ಪೂರ್ಣ ಪರಿಣಾಮ ತೋರುತ್ತದೆ. ಮಾರ್ಫಿನ್‌ಗೆ ಅದರ ಉತ್ತುಂಗ ಮುಟ್ಟಲು ಇಪ್ಪತ್ತು ನಿಮಿಷದ ಆಸುಪಾಸು ಬೇಕು. ಮಾರ್ಫಿನ್‌ನಂತೆ ಹಿಸ್ಟಮಿನ್ ಬಿಡಿಸಿ ರಕ್ತದೊತ್ತಡ ಕುಸಿಯುವಂತೆಯೂ ಮಾಡುವುದಿಲ್ಲ. ಆದರೆ ಹೊಟ್ಟೆಯ ಗ್ರಾಹಿಗಳಿಗೆ ಎರಡೂ ಒಂದೇ. ಆಂಜಿಯೋಪ್ಲಾಸ್ಟಿಯ ವೇಳೆ ಫೆಂಟನಿಲ್ ಕೊಡುವುದನ್ನು ಪರೀಕ್ಷಿಸಿದ 2018ರ 'ಪ್ಯಾಸಿಫೈ' ಪ್ರಯೋಗದಲ್ಲೂ ಟಿಕಾಗ್ರೆಲಾರ್ ಹೀರಿಕೆ ತಡವಾಯಿತು. ಇದು ಒಂದು ಔಷಧದ ದೋಷವಲ್ಲ, ಇಡೀ ವರ್ಗದ ಗುಣ.

ರಕ್ತದ ಮಟ್ಟ ಇಳಿದರೆ ರೋಗಿಗೆ ಕೇಡಾಗುತ್ತದೆಯೇ?

ಪ್ರಯೋಗಾಲಯದ ಅಂಕಿ ಮತ್ತು ರೋಗಿಯ ಬದುಕಿನ ನಡುವೆ ದೊಡ್ಡ ಅಂತರವಿದೆ. 2014ರಲ್ಲಿ ಪ್ರಕಟವಾದ 'ಅಟ್ಲಾಂಟಿಕ್' ಪ್ರಯೋಗ 1,862 ಸ್ಟೆಮಿ ರೋಗಿಗಳಲ್ಲಿ ಟಿಕಾಗ್ರೆಲಾರ್ ಅನ್ನು ಆಂಬುಲೆನ್ಸಿನಲ್ಲೇ ಕೊಡುವುದಕ್ಕೂ ಆಸ್ಪತ್ರೆಯಲ್ಲಿ ಕೊಡುವುದಕ್ಕೂ ಹೋಲಿಸಿತು. ಆಂಜಿಯೋಪ್ಲಾಸ್ಟಿಗೆ ಮುನ್ನ ನಾಳ ತೆರೆಯುವುದರಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಆದರೆ ಮಾರ್ಫಿನ್ ಪಡೆಯದವರನ್ನಷ್ಟೇ ಬೇರೆಯಾಗಿ ನೋಡಿದಾಗ, ಬೇಗ ಕೊಟ್ಟ ಮಾತ್ರೆಯಿಂದ ಇಸಿಜಿಯ ಎಸ್‌ಟಿ ಭಾಗ ಹೆಚ್ಚು ಮಂದಿಯಲ್ಲಿ ಇಳಿದಿತ್ತು, ಅಂದರೆ ಹೃದಯಕ್ಕೆ ರಕ್ತ ಮರಳುತ್ತಿರುವ ಸೂಚನೆ.

'ಅರ್ಲಿ ಎಸಿಎಸ್' ಪ್ರಯೋಗದ ದತ್ತಾಂಶವನ್ನು ಮತ್ತೆ ಜಾಲಾಡಿ 2020ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಇನ್ನಷ್ಟು ಸೂಚಕ. ಕ್ಲೊಪಿಡೊಗ್ರೆಲ್ ಪಡೆದ ಐದು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ, ಮಾರ್ಫಿನ್ ಸೇರಿದವರಿಗೆ ಮೊದಲ 96 ಗಂಟೆಗಳಲ್ಲಿ ರಕ್ತ ಕೊರತೆಯ ತೊಡಕುಗಳು ಹೆಚ್ಚಿದ್ದವು. ಕ್ಲೊಪಿಡೊಗ್ರೆಲ್ ಪಡೆಯದವರಲ್ಲಿ ಮಾರ್ಫಿನ್‌ಗೆ ಅಂಥ ನಂಟೇ ಇರಲಿಲ್ಲ. ಕಾಯಿಲೆ ತೀವ್ರವಾಗಿದ್ದವರಿಗೆ ಮಾರ್ಫಿನ್ ಕೊಟ್ಟದ್ದೊಂದೇ ಕಾರಣವಾಗಿದ್ದರೆ ಎರಡೂ ಗುಂಪಿನಲ್ಲಿ ಕೆಡುಕು ಕಾಣಬೇಕಿತ್ತು. ಒಂದರಲ್ಲಿ ಮಾತ್ರ ಕಂಡದ್ದು ಹೊಟ್ಟೆಯ ವಾದಕ್ಕೆ ಬಲ ಕೊಡುತ್ತದೆ. ನನ್ನ ದೃಷ್ಟಿಯಲ್ಲಿ ಈ ಚರ್ಚೆಯ ಅತ್ಯಂತ ತೂಕದ ಸುಳಿವು ಇದೇ.

ಎದುರು ಪಕ್ಕದಲ್ಲಿ, ಹೃದಯದ ಮುಂಭಾಗದ ಸ್ಟೆಮಿ ಇದ್ದ 969 ಮಂದಿಯ 'ಸರ್ಕಸ್' ಪ್ರಯೋಗದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಾರ್ಫಿನ್ ಪಡೆದಿದ್ದರು. ಒಂದು ವರ್ಷದ ಹೊತ್ತಿಗೆ ಎರಡೂ ಗುಂಪಿನ ಗತಿ ಬೇರೆಯಾಗಿರಲಿಲ್ಲ. ಸಾವಿನ ಪ್ರಶ್ನೆಗೆ ಕಡೆಯ ಉತ್ತರ ಬರಬೇಕಾದರೆ ಸಾವಿರಾರು ರೋಗಿಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಹಂಚುವ ಪ್ರಯೋಗ ಬೇಕು.

ಮಾರ್ಗಸೂಚಿಗಳು ಈ ಅರೆಬೆಳಕಿನಲ್ಲೇ ನಡೆಯುತ್ತಿವೆ. ಯುರೋಪಿನ ಹೃದ್ರೋಗ ಸಂಘದ 2023ರ ಮಾರ್ಗಸೂಚಿ ನೋವಿಗೆ ಓಪಿಯಾಯ್ಡ್ ಕೊಡುವುದನ್ನು 'ಪರಿಗಣಿಸಬೇಕು' ಎನ್ನುತ್ತದೆ, 'ಕೊಡಲೇಬೇಕು' ಎನ್ನುವುದಿಲ್ಲ. ಅಮೆರಿಕದ 2025ರ ಮಾರ್ಗಸೂಚಿಯೂ ಅದನ್ನು ಉಳಿಸಿಕೊಂಡಿದೆ, ಇತರ ಔಷಧಗಳಿಗೆ ಬಗ್ಗದ ನೋವಿಗೆಂದು, ಪ್ಲೇಟ್‌ಲೆಟ್ ಮಾತ್ರೆಯ ವಿಳಂಬದ ಎಚ್ಚರಿಕೆಯೊಂದಿಗೆ.

ನೋವು ಮರೆಯಾದರೆ ಸುಳಿವೂ ಮರೆಯಾಗುತ್ತದೆ

ಹೊಟ್ಟೆಯ ವಿಷಯಕ್ಕೆ ಸಿಕ್ಕಷ್ಟು ಗಮನ ಈ ಎರಡನೇ ಅಪಾಯಕ್ಕೆ ಸಿಕ್ಕಿಲ್ಲ. ಎಸ್‌ಟಿ ಮೇಲೇರದ ಹೃದಯಾಘಾತದಲ್ಲಿ ಎಲ್ಲರನ್ನೂ ಕೂಡಲೇ ಆಂಜಿಯೋಗ್ರಾಂ ಮಾಡುವ ಕ್ಯಾತ್‌ಲ್ಯಾಬಿಗೆ ಒಯ್ಯುವುದಿಲ್ಲ. ಔಷಧ ಕೊಟ್ಟರೂ ನಿಲ್ಲದ ಅಥವಾ ಮರುಕಳಿಸುವ ಎದೆನೋವು ಇದ್ದರೆ ಎರಡು ಗಂಟೆಯೊಳಗೆ ಆಂಜಿಯೋಗ್ರಾಂ ಆಗಬೇಕು. ಅಂದರೆ ನಾಳ ಇನ್ನೂ ಮುಚ್ಚಿದೆ ಎಂದು ಹೇಳುತ್ತಿರುವ ಸಾಕ್ಷಿಯೇ ಆ ನೋವು. ಮಾರ್ಫಿನ್ ಕೊಟ್ಟು ಅದನ್ನು ಅಡಗಿಸಿದರೆ ಚಾರ್ಟಿನಲ್ಲಿ 'ರೋಗಿಗೆ ನೋವಿಲ್ಲ' ಎಂದು ದಾಖಲಾಗುತ್ತದೆ, ಕ್ಯಾತ್‌ಲ್ಯಾಬ್ ನಾಳೆಗೆ ಹೋಗುತ್ತದೆ, ಸ್ನಾಯು ಸಾಯುತ್ತಲೇ ಇರುತ್ತದೆ.

ನೈಟ್ರೊಗ್ಲಿಸರಿನ್‌ನಿಂದ ನೋವು ನಿಂತರೂ ಅದು ಹೃದಯಾಘಾತ ಹೌದೋ ಅಲ್ಲವೋ ಎಂಬುದನ್ನು ತೀರ್ಮಾನಿಸುವುದಿಲ್ಲ. ಆದರೆ ನೈಟ್ರೇಟ್ ನಾಳಗಳನ್ನು ಹಿಗ್ಗಿಸಿ ಹೃದಯದ ಹೊರೆ ಇಳಿಸುತ್ತದೆ, ನೋವಿನ ಮೂಲವನ್ನು ಅಷ್ಟಿಷ್ಟಾದರೂ ಮುಟ್ಟುತ್ತದೆ. ಮಾರ್ಫಿನ್ ಮುಖ್ಯವಾಗಿ ಮುಟ್ಟುವುದು ನೋವಿನ ಅರಿವನ್ನು. ಹಾಗಾಗಿ ಒಂದು ನಿಯಮ ಗಟ್ಟಿಯಾಗಬೇಕು: ಓಪಿಯಾಯ್ಡ್ ಬೇಕಾಗುವಷ್ಟು ನೋವಿದ್ದರೆ, ಆ ಅಗತ್ಯವೇ ರೋಗಿಯನ್ನು ತುರ್ತು ಆಂಜಿಯೋಗ್ರಾಂ ಕಡೆಗೆ ತಳ್ಳುವ ಕಾರಣವಾಗಬೇಕು. ಚುಚ್ಚುಮದ್ದಿನ ಮೊದಲು ಒಂದು ಇಸಿಜಿ, ನಂತರ 15ರಿಂದ 30 ನಿಮಿಷಕ್ಕೊಮ್ಮೆ ಮತ್ತೆ ಇಸಿಜಿ. ಹೃದಯದ ಹಿಂಭಾಗದ ನಾಳ ಮುಚ್ಚಿರುವ ಅನುಮಾನವಿದ್ದರೆ ಬೆನ್ನಿನ ಕಡೆಯ ವಿ7ರಿಂದ ವಿ9ರ ಲೀಡ್‌ಗಳನ್ನೂ (ಇಸಿಜಿ ತಂತಿಗಳನ್ನೂ) ಹಾಕಬೇಕು.

ಕೊಡುವುದೇ ಆದರೆ ಹೇಗೆ

ಮುಂದಿನ ಪ್ರಮಾಣಗಳೆಲ್ಲ ಮಾನಿಟರ್, ಆಕ್ಸಿಜನ್ ಮತ್ತು ತರಬೇತಾದ ಸಿಬ್ಬಂದಿ ಇರುವ ಕಡೆಗೆ ಮಾತ್ರ.

ಮೊದಲ ಮದ್ದು ನಾಳ ತೆರೆಯುವ ಸಿದ್ಧತೆ. ಅದಕ್ಕೆ ಸಮನಾದ ನೋವು ನಿವಾರಕ ಬೇರೊಂದಿಲ್ಲ. ಅದರ ಜೊತೆಗೆ ನಾಲಿಗೆ ಕೆಳಗೆ ನೈಟ್ರೊಗ್ಲಿಸರಿನ್ 0.3ರಿಂದ 0.4 ಮಿ.ಗ್ರಾಂ., ಐದು ನಿಮಿಷಕ್ಕೊಮ್ಮೆ ಮೂರು ಸಲದವರೆಗೆ. ಮೇಲಿನ ರಕ್ತದೊತ್ತಡ 90ಕ್ಕಿಂತ ಕೆಳಗಿದ್ದರೆ, ಹೃದಯದ ಬಲ ಕುಹರಕ್ಕೆ (ಬಲಬದಿಯ ಕೆಳಕೋಣೆ) ಪೆಟ್ಟಾಗಿದ್ದರೆ, ರೋಗಿ ಕಳೆದ 24 ಗಂಟೆಯಲ್ಲಿ ಸಿಲ್ಡೆನಾಫಿಲ್ ಅಥವಾ 48 ಗಂಟೆಯಲ್ಲಿ ಟಡಲಾಫಿಲ್ (ವಯಾಗ್ರ ಬಗೆಯ ಮಾತ್ರೆಗಳು) ನುಂಗಿದ್ದರೆ ನೈಟ್ರೇಟ್ ಕೊಡಬಾರದು. ಇದನ್ನು ರೋಗಿಯ ಬಳಿ ಪ್ರತ್ಯೇಕವಾಗಿ, ನೇರವಾಗಿ ಕೇಳಬೇಕು. ಬಂಧುಗಳ ಮುಂದೆ ಕೇಳಿದರೆ ನಿಜ ಹೊರಬರುವುದಿಲ್ಲ.

ಇಷ್ಟಾದರೂ ತೀವ್ರ ನೋವಿದ್ದರೆ ಮಾರ್ಫಿನ್ 2ರಿಂದ 4 ಮಿ.ಗ್ರಾಂ. ನಿಧಾನವಾಗಿ ರಕ್ತನಾಳದ ಮೂಲಕ. ಬೇಕಾದರೆ 5ರಿಂದ 15 ನಿಮಿಷಕ್ಕೊಮ್ಮೆ, ಒಟ್ಟು 10 ಮಿ.ಗ್ರಾಂ. ಸುಮಾರಿಗೆ. ಫೆಂಟನಿಲ್ ಆದರೆ 25ರಿಂದ 50 ಮೈಕ್ರೋಗ್ರಾಂ, ಒಟ್ಟು 100ರವರೆಗೆ. ಒಂದು ಮಿಲಿಗ್ರಾಂ ಸಾವಿರ ಮೈಕ್ರೋಗ್ರಾಂಗೆ ಸಮ. ಈ ಎರಡು ಅಳತೆಗಳು ಅದಲುಬದಲಾಗಿ ಅನಾಹುತವಾಗಬಾರದೆಂದರೆ, ಸಿರಿಂಜಿನ ಮೇಲೆ ಔಷಧದ ಹೆಸರು ಮತ್ತು ಅಳತೆಯನ್ನು ಬರೆದೇ ಕೊಡಬೇಕು. ಮಾರ್ಫಿನ್ ವಿಷಯದಲ್ಲಿ ಆಗುವ ಸಾಮಾನ್ಯ ತಪ್ಪು ಅವಸರ: ತಕ್ಷಣ ನೋವು ಇಳಿಯಲಿಲ್ಲವೆಂದು ಒಡನೊಡನೆ ಎರಡನೆಯದು, ಮೂರನೆಯದು ಕೊಟ್ಟರೆ, ಮೂರೂ ಒಟ್ಟಾಗಿ ಉತ್ತುಂಗಕ್ಕೆ ಬಂದಾಗ ಉಸಿರಾಟ ಮಂದವಾಗುತ್ತದೆ.

ಗುರಿ ನೋವು ಸಹನೀಯವಾಗುವುದು. ಸೊನ್ನೆಗೆ ಇಳಿಸಲು ಹೋಗಿ ರೋಗಿ ಮಾತಾಡದ ಸ್ಥಿತಿಗೆ ಬಂದರೆ ಮೇಲೆ ಹೇಳಿದ ಸುಳಿವೂ ಹೋಯಿತು, ಉಸಿರೂ ಅಪಾಯಕ್ಕೆ ಸಿಕ್ಕಿತು.

ಸ್ನಾಯುವಿಗೆ ಚುಚ್ಚಲೇಬಾರದು. ಹೆಪ್ಪು ಕರಗಿಸುವ ಮದ್ದು ಅಥವಾ ಹೆಪ್ಪು ಕಟ್ಟದಂತೆ ತಡೆಯುವ ಹೆಪಾರಿನ್ ಸೇರಿದ ಮೇಲೆ ಚುಚ್ಚಿದ ಜಾಗದಲ್ಲಿ ರಕ್ತ ಸೇರಿ ಗಡ್ಡೆಯಾಗುತ್ತದೆ. ಬಿಪಿ ಇಳಿದವರಲ್ಲಿ ಮದ್ದು ಸ್ನಾಯುವಿನಲ್ಲೇ ನಿಂತು, ರಕ್ತ ಸಂಚಾರ ಸುಧಾರಿಸಿದಾಗ ಒಮ್ಮೆಗೇ ನುಗ್ಗುತ್ತದೆ. ಪೆಂಟಾಜೊಸಿನ್ ಎಂಬ ಇನ್ನೊಂದು ಓಪಿಯಾಯ್ಡ್ ಕೂಡ ಇಲ್ಲಿ ಸಲ್ಲದು; ಅದು ರಕ್ತದೊತ್ತಡವನ್ನೂ ಶ್ವಾಸಕೋಶದ ನಾಳಗಳ ಒತ್ತಡವನ್ನೂ ಏರಿಸಿ, ಬಳಲಿದ ಹೃದಯಕ್ಕೆ ಇನ್ನಷ್ಟು ಕೆಲಸ ಹೇರುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಬಗೆಯ ನೋವಿನ ಮದ್ದುಗಳಂತೂ ಓಪಿಯಾಯ್ಡ್‌ಗೆ ಬದಲಿಯೇ ಅಲ್ಲ. ಅವು ಹೃದಯಾಘಾತದ ರೋಗಿಗಳಲ್ಲಿ ಮತ್ತೊಂದು ಆಘಾತದ ಅಪಾಯವನ್ನೇ ಹೆಚ್ಚಿಸುತ್ತವೆ. ಮೊದಲೇ ತೆಗೆದುಕೊಳ್ಳುತ್ತಿದ್ದರೂ ನಿಲ್ಲಿಸಬೇಕು.

ಹೃದಯದ ಕೆಳಭಾಗದ ಆಘಾತದಲ್ಲಿ ವಿಶೇಷ ಜಾಗ್ರತೆ ಬೇಕು. ಅಲ್ಲಿ ವೇಗಸ್ ನರದ ಪ್ರಭಾವದಿಂದ ನಾಡಿ ಮೊದಲೇ ನಿಧಾನ, ಬಲ ಕುಹರವೂ ಸೇರಿದ್ದರೆ ರಕ್ತದೊತ್ತಡ ನಿಂತಿರುವುದೇ ಹೃದಯಕ್ಕೆ ಮರಳುವ ರಕ್ತದ ಮೇಲೆ. ಮಾರ್ಫಿನ್ ಅಭಿಧಮನಿಗಳನ್ನು ಸಡಿಲಿಸಿ ಆ ರಕ್ತವನ್ನು ಕಡಿಮೆ ಮಾಡುತ್ತದೆ, ನಾಡಿಯನ್ನೂ ಇಳಿಸುತ್ತದೆ. ಬಲಬದಿಯ ವಿ4 ಲೀಡ್ ನೋಡದೆ ಕೊಡುವುದು ಬೇಡ. ಮೂತ್ರಪಿಂಡ ಸೋತವರಲ್ಲಿ ಮಾರ್ಫಿನ್‌ನ ಸಕ್ರಿಯ ಉಪೋತ್ಪನ್ನ ಹೊರಹೋಗದೆ ಸೇರುತ್ತಾ ಹೋಗುತ್ತದೆ. ಅವರಿಗೆ ಕಡಿಮೆ ಪ್ರಮಾಣದ ಫೆಂಟನಿಲ್ ಮೇಲು. ಶ್ವಾಸಕೋಶದಲ್ಲಿ ನೀರು ತುಂಬಿ ಏದುಸಿರು ಬಿಡುತ್ತಿರುವವರಿಗೆ ಮಾರ್ಫಿನ್ ಕೊಡುವ ಹಳೆಯ ಪದ್ಧತಿಯನ್ನು ಯುರೋಪಿನ 2021ರ ಹೃದಯ ವೈಫಲ್ಯ ಮಾರ್ಗಸೂಚಿ ವಾಡಿಕೆಯ ಚಿಕಿತ್ಸೆಯಾಗಿ ಒಪ್ಪುವುದಿಲ್ಲ.

ಉಸಿರಾಟದ ಗತಿ ನಿಮಿಷಕ್ಕೆ ಹತ್ತಕ್ಕಿಂತ ಕೆಳಗಿಳಿದು ಕರೆದರೆ ಎಚ್ಚರವಾಗದಿದ್ದರೆ ಮಾಸ್ಕ್-ಬ್ಯಾಗ್‌ನಿಂದ ಉಸಿರು ಕೊಡುತ್ತಾ, ಓಪಿಯಾಯ್ಡ್ ಪರಿಣಾಮ ಅಳಿಸುವ ನಲೊಕ್ಸೋನ್. ಇಲ್ಲೂ ಹೃದಯದ ರೋಗಿ ಬೇರೆ: 0.4 ಮಿ.ಗ್ರಾಂ. ಒಮ್ಮೆಗೇ ನೂಕಿದರೆ ನೋವು ಹಠಾತ್ತನೆ ಮರಳಿ ಅಡ್ರಿನಲಿನ್ ಉಕ್ಕಿ ಹೃದಯ ಲಯ ತಪ್ಪಬಹುದು. 0.04ರಿಂದ 0.1 ಮಿ.ಗ್ರಾಂ.ನಂತೆ, ಉಸಿರಾಟ ಸುಧಾರಿಸುವವರೆಗೆ ಮಾತ್ರ. ನಲೊಕ್ಸೋನ್ ಪ್ರಭಾವ ಮಾರ್ಫಿನ್‌ಗಿಂತ ಬೇಗ ಮುಗಿಯುವುದರಿಂದ ಮತ್ತೆ ತೂಕಡಿಸುತ್ತಾರೇನೋ ಎಂದು ಕಾಯುತ್ತಿರಬೇಕು.

ಹೊಟ್ಟೆಯನ್ನು ತಪ್ಪಿಸಿ ಸಾಗುವ ದಾರಿಗಳು

ನೋವು ತಡೆಯಲಾಗದಷ್ಟಿದ್ದಾಗ ಮಾರ್ಫಿನ್ ನಿರಾಕರಿಸುವುದು ಕ್ರೌರ್ಯ, ಹೃದಯಕ್ಕೂ ಒಳ್ಳೆಯದಲ್ಲ: ನೋವು ಮತ್ತು ಭಯ ನಾಡಿ, ರಕ್ತದೊತ್ತಡ ಏರಿಸಿ, ಆಮ್ಲಜನಕ ಸಿಗದ ಸ್ನಾಯುವಿನಿಂದ ಹೆಚ್ಚು ಕೆಲಸ ತೆಗೆಯುತ್ತವೆ. ಕೊಟ್ಟ ಮೇಲೆ ಪ್ಲೇಟ್‌ಲೆಟ್ ಮದ್ದಿನ ದಾರಿಯನ್ನು ಬದಲಿಸುವುದು ವಿವೇಕ.

ಟಿಕಾಗ್ರೆಲಾರ್ ಮಾತ್ರೆಯನ್ನು ಪುಡಿಮಾಡಿ ನೀರಿನಲ್ಲಿ ಕಲಸಿ ಕೊಟ್ಟರೆ ಇಡೀ ಮಾತ್ರೆಗಿಂತ ಬೇಗ ಕೆಲಸಕ್ಕೆ ಬರುತ್ತದೆ; 82 ಸ್ಟೆಮಿ ರೋಗಿಗಳ 'ಮೊಹಿತೊ' ಅಧ್ಯಯನದಲ್ಲಿ ಒಂದು ಗಂಟೆಯಲ್ಲೇ ವ್ಯತ್ಯಾಸ ಕಂಡಿತು. ಪುಡಿಯೂ ಪೈಲೋರಸ್ ದಾಟಲೇಬೇಕು, ಹಾಗಾಗಿ ಇದು ಅರ್ಧ ಪರಿಹಾರ. ಪೂರ್ತಿ ಪರಿಹಾರ ರಕ್ತನಾಳಕ್ಕೇ ಕೊಡುವ ಕ್ಯಾಂಗ್ರೆಲಾರ್: ಮೊದಲು ಕಿಲೋ ತೂಕಕ್ಕೆ 30 ಮೈಕ್ರೋಗ್ರಾಂ, ನಂತರ ನಿಮಿಷಕ್ಕೆ ಕಿಲೋಗೆ 4 ಮೈಕ್ರೋಗ್ರಾಂನಂತೆ ಹನಿ (ಡ್ರಿಪ್). ನಿಮಿಷಗಳಲ್ಲಿ ಪ್ಲೇಟ್‌ಲೆಟ್‌ಗಳನ್ನು ತಡೆಯುತ್ತದೆ, ನಿಲ್ಲಿಸಿದ ಒಂದು ಗಂಟೆಯೊಳಗೆ ಇಳಿದುಹೋಗುತ್ತದೆ. ಅದಕ್ಕಾಗಿಯೇ ಮಾತ್ರೆಗೆ ಹೊರಳುವ ಸಮಯ ನಿಖರವಾಗಿರಬೇಕು. ಟಿಕಾಗ್ರೆಲಾರ್ ಅನ್ನು ಹನಿ ಓಡುತ್ತಿರುವಾಗಲೂ ಕೊಡಬಹುದು. ಕ್ಲೊಪಿಡೊಗ್ರೆಲ್ ಮತ್ತು ಪ್ರಾಸುಗ್ರೆಲ್ ಅನ್ನು ಹನಿ ನಿಂತ ಕೂಡಲೇ ಕೊಡಬೇಕು, ಮೊದಲೇ ಕೊಟ್ಟರೆ ಕೂರುವ ಜಾಗ ಸಿಗದೆ ವ್ಯರ್ಥವಾಗುತ್ತವೆ. ಕ್ಯಾಂಗ್ರೆಲಾರ್ ಸಿಗದ ಕಡೆ ಪ್ಲೇಟ್‌ಲೆಟ್ ತಡೆಯುವ ಟಿರೊಫಿಬಾನ್ ಹನಿ ಇದೆ, ರಕ್ತಸ್ರಾವದ ಅಪಾಯ ತೂಗಿ.

ನೋವು ಮಧ್ಯಮ ಮಟ್ಟದ್ದಾದರೆ ಓಪಿಯಾಯ್ಡ್ ಇಲ್ಲದೆಯೂ ಸಾಗಬಹುದು. ಸ್ಟೆಮಿ ರೋಗಿಗಳಲ್ಲಿ ಫೆಂಟನಿಲ್ ಮತ್ತು ರಕ್ತನಾಳದ ಪ್ಯಾರಾಸಿಟಮಾಲ್ ಹೋಲಿಸಿದ 'ಆನ್-ಟೈಮ್ 3' ಪ್ರಯೋಗದಲ್ಲಿ ನೋವು ಇಳಿಕೆ ಹತ್ತಿರಹತ್ತಿರ ಸಮವಿತ್ತು. ಪ್ಯಾರಾಸಿಟಮಾಲ್ ಗುಂಪಿನಲ್ಲಿ ಟಿಕಾಗ್ರೆಲಾರ್ ಮಟ್ಟ ಹೆಚ್ಚಿತ್ತು, ಪ್ಲೇಟ್‌ಲೆಟ್ ತಡೆಯಲ್ಲಿ ಮಾತ್ರ ಖಚಿತ ವ್ಯತ್ಯಾಸ ಕಾಣಲಿಲ್ಲ.

ರೋಗಿಯ ಕಡೆಯವರು ಹೇಳಬೇಕಾದದ್ದೂ ಸ್ವಲ್ಪ ಇದೆ. ಮನೆಯಲ್ಲಿ ಎದೆನೋವಿಗೆ ಟ್ರಮಡಾಲ್ ಅಥವಾ ಬೇರೆ ನೋವಿನ ಮಾತ್ರೆ ನುಂಗಿಸಿ ಕಾಯಬಾರದು. ನುಂಗಿದ್ದರೆ ಯಾವುದು, ಎಷ್ಟು ಹೊತ್ತಿಗೆ ಎಂದು ಹೇಳಬೇಕು. ಮೆಥಡೋನ್ ಅಥವಾ ಬುಪ್ರೆನಾರ್ಫಿನ್ ಎಂಬ ಓಪಿಯಾಯ್ಡ್ ದಿನವೂ ತೆಗೆದುಕೊಳ್ಳುವವರಲ್ಲಿ ಸಾಮಾನ್ಯ ಪ್ರಮಾಣದ ಮಾರ್ಫಿನ್ ಕೆಲಸ ಮಾಡದಿರಬಹುದು. ಮಾತ್ರೆ ಕೊಟ್ಟ ಮೇಲೆ ವಾಂತಿಯಾದರೆ ಅದನ್ನು ಒರೆಸಿ ಸುಮ್ಮನಾಗದೆ ನರ್ಸಿಗೆ ತೋರಿಸಬೇಕು, ಮಾತ್ರೆ ಮತ್ತೆ ಬೇಕೇ ಎಂಬುದು ಅದರ ಮೇಲೆ ನಿಂತಿದೆ.

ಆಂಬುಲೆನ್ಸಿನಿಂದ ಕ್ಯಾತ್‌ಲ್ಯಾಬಿಗೆ ರೋಗಿ ಕೈ ಬದಲಾಗುವಾಗ ಕಾಗದದ ಮೇಲೆ ನಾಲ್ಕು ಸಂಗತಿ ಇರಲೇಬೇಕು: ಓಪಿಯಾಯ್ಡ್ ಯಾವುದು, ಎಷ್ಟು, ಎಷ್ಟು ಗಂಟೆಗೆ; ಅದಕ್ಕೆ ಮುನ್ನ ನೋವು ಹತ್ತರಲ್ಲಿ ಎಷ್ಟಿತ್ತು, ಈಗೆಷ್ಟು; ಪ್ಲೇಟ್‌ಲೆಟ್ ಮಾತ್ರೆ ಎಷ್ಟು ಗಂಟೆಗೆ, ಇಡಿಯಾಗಿಯೋ ಪುಡಿಯಾಗಿಯೋ; ವಾಂತಿಯಾಯಿತೇ. ಸ್ಟೆಂಟ್ ಹಾಕುವ ವೈದ್ಯರು ಹನಿ ಮದ್ದು ಬೇಕೋ ಬೇಡವೋ ಎಂದು ನಿರ್ಧರಿಸುವುದು ಈ ನಾಲ್ಕು ಸಾಲು ನೋಡಿ.